ಉಬುಂಟು ಹಾಕಿದ ಮೇಲೆ ಲ್ಯಾಪ್‌ಟಾಪ್ ರಿಕವರಿ ಕೀ ಕೇಳುತ್ತಿದೆ, ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಶಿಕ್ಷಕ. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಡಿಪ್ಲೊಮಾ ಓದುತ್ತಿರುವ ಮಗ ಡಿಸ್ಕಿನಲ್ಲಿ ಸ್ವಲ್ಪ ಜಾಗ ಬಿಡಿಸಿಕೊಂಡು ಅದರ ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಸಿಸ್ಟಮ್ (ವಿಂಡೋಸಿನಂಥದ್ದೇ ಇನ್ನೊಂದು) ಹಾಕಿಕೊಂಡ. ಕೆಲವು ದಿನ ಆನ್ ಮಾಡಿದಾಗ ಯಾವುದು ಬೇಕು ಎಂದು ಕೇಳುವ ಪಟ್ಟಿ ಬರುತ್ತಿತ್ತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಆ ಪಟ್ಟಿ ಮಾಯವಾಗಿ ನೇರ ವಿಂಡೋಸೇ ಶುರುವಾಗತೊಡಗಿತು. ಮಗ ಯಾವುದೋ ವಿಡಿಯೋ ನೋಡಿ ಬಯೋಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವ ರೀತಿಯ ಸೆಟ್ಟಿಂಗ್ಸ್ ಇರುವ ಕಡೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ. ಈಗ ನೀಲಿ ಪರದೆ ಬಂದು ಬಿಟ್‌ಲಾಕರ್ ರಿಕವರಿ ಕೀ ಕೊಡಿ ಎನ್ನುತ್ತದೆ. ನಾವು ಯಾವತ್ತೂ ಬಿಟ್‌ಲಾಕರ್ ಹಾಕಿದವರಲ್ಲ. ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ ಅಂತಾರೆ. ಒಳಗೆ ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳಿವೆ, ಮನೆಯ ಫೋಟೋಗಳಿವೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಬರೆದಿದ್ದನ್ನು ನೋಡಿದರೆ ನಿಮ್ಮ ಫೈಲುಗಳಿಗೂ ಏನೂ ಆಗಿಲ್ಲ, ವಿಂಡೋಸಿಗೂ ಏನೂ ಆಗಿಲ್ಲ. ಉಬುಂಟು ಕೂಡ ಇದ್ದಲ್ಲೇ ಇದೆ. ಎರಡನೇ ಸಿಸ್ಟಮ್ ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗದಿದ್ದರೆ ಡಿಸ್ಕ್ ಹಾಳಾಯಿತು ಎಂದು ಜನ ಗಾಬರಿಯಾಗುತ್ತಾರೆ. ನಿಜವಾದ ನಷ್ಟ ಆಗುವುದು ಆಮೇಲೆ, ಆ ಗಾಬರಿಯಲ್ಲಿ ಮಾಡುವ ಕೆಲಸಗಳಿಂದ. ಹಾಗಾಗಿ ಮೊದಲು ಅಂಗಡಿಯವರ ಕೈಯಿಂದ ಲ್ಯಾಪ್‌ಟಾಪ್ ವಾಪಸ್ ತನ್ನಿ.

ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಬಂದು ಕೂತಿವೆ. ಅಪ್‌ಡೇಟ್ ಆದಾಗ, ಯಾವುದು ಮೊದಲು ಶುರುವಾಗಬೇಕು ಎಂದು ಯಂತ್ರ ಇಟ್ಟುಕೊಳ್ಳುವ ಪಟ್ಟಿಯಲ್ಲಿ ಉಬುಂಟುವಿನ ಹೆಸರು ಕೆಳಗೆ ಹೋಯಿತು. ಅದು ಸಣ್ಣದು. ಅದನ್ನು ಸರಿಮಾಡಲು ಹೋಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಪ್ರೋಗ್ರಾಂಗಳನ್ನಷ್ಟೇ ಶುರುವಿನಲ್ಲಿ ಓಡಲು ಬಿಡುವ ಕಾವಲು) ಆಫ್ ಮಾಡಿದ್ದರಿಂದ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಎಚ್ಚರಗೊಂಡಿತು. ಅದು ದೊಡ್ಡದು, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ನೀವು ಬಿಟ್‌ಲಾಕರ್ ಹಾಕಿಲ್ಲ ಎನ್ನುವುದು ನಿಜವೇ ಇರಬಹುದು. ಆದರೆ ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ವಿಂಡೋಸ್ ತಾನೇ ಡಿಸ್ಕಿಗೆ ಬೀಗ ಹಾಕಿಕೊಳ್ಳುತ್ತದೆ. ಹೋಮ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಡಿವೈಸ್ ಎನ್‌ಕ್ರಿಪ್ಶನ್ ಎಂದು ಹೆಸರು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಹೆಚ್ಚು ಯಂತ್ರಗಳಲ್ಲಿ ತಾನಾಗಿಯೇ ಆನ್ ಆಗುತ್ತಿದೆ. ಬೀಗದ ಕೀಲಿ ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್‌ನ ಸುಪರ್ದಿನಲ್ಲಿರುತ್ತದೆ. ಪ್ರತಿ ಸಲ ಆನ್ ಆದಾಗ ಆ ಚಿಪ್, ಯಂತ್ರ ಎಂದಿನ ಹಾಗೆಯೇ ಶುರುವಾಗುತ್ತಿದೆಯಾ ಎಂದು ನೋಡುತ್ತದೆ. ಎಲ್ಲ ಎಂದಿನಂತೆ ಇದ್ದರೆ ಕೀಲಿ ಕೊಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಆಗಿದ್ದರೆ ಅದಕ್ಕೆ ಅನುಮಾನ ಬರುತ್ತದೆ. ಕೀಲಿ ಕೊಡುವುದಿಲ್ಲ. ಆಗಲೇ ನೀಲಿ ಪರದೆ ಬರುವುದು.

ಇದರಲ್ಲೇ ಒಂದು ಸುಲಭದ ದಾರಿಯೂ ಇದೆ. ಮಗ ಬಯೋಸ್‌ನಲ್ಲಿ ಏನನ್ನು ಬದಲಿಸಿದನೋ ಅದನ್ನು ಮೊದಲಿದ್ದ ಹಾಗೇ ಮಾಡಲಿ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ, ಸೇವ್ ಮಾಡಿ, ರೀಸ್ಟಾರ್ಟ್ ಮಾಡಿ. ಹೆಚ್ಚಿನ ಸಲ ಅಷ್ಟಕ್ಕೇ ಚಿಪ್‌ನ ಅನುಮಾನ ಹೋಗಿ ವಿಂಡೋಸ್ ಏನೂ ಕೇಳದೆ ತೆರೆದುಕೊಳ್ಳುತ್ತದೆ. ಆದರೆ ಬಯೋಸ್‌ನಲ್ಲಿ ಟಿಪಿಎಂ ಕ್ಲಿಯರ್ ಮಾಡಲೇ ಎಂದು ಯಾವ ರೂಪದಲ್ಲಿ ಕೇಳಿದರೂ ಬೇಡ ಎನ್ನಿ. ಕ್ಲಿಯರ್ ಮಾಡಿದರೆ ಚಿಪ್‌ನಲ್ಲಿದ್ದದ್ದು ಹೋಗುತ್ತದೆ. ಆಮೇಲೆ ರಿಕವರಿ ಕೀ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ವಿಂಡೋಸ್ ತೆರೆದುಕೊಂಡರೂ ರಿಕವರಿ ಕೀ ಹುಡುಕಿ ಇಟ್ಟುಕೊಳ್ಳಲೇಬೇಕು. ಮುಂದೆ ನಾನು ಹೇಳುವ ಕೆಲಸಗಳಲ್ಲಿ ಅದು ಇನ್ನೊಮ್ಮೆ ಕೇಳಿದರೂ ಆಶ್ಚರ್ಯವಿಲ್ಲ. ಇದು 48 ಅಂಕಿಗಳ ಸಂಖ್ಯೆ, ಆರಾರು ಅಂಕಿಗಳ ಎಂಟು ಗುಂಪು. ಮೊಬೈಲಿನ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರು ಹುಡುಕಿ. ಅಲ್ಲಿ ಬಿಟ್‌ಲಾಕರ್ ಕೀ ನೋಡುವ ಲಿಂಕ್ ಇರುತ್ತದೆ. ಒಂದಕ್ಕಿಂತ ಹೆಚ್ಚು ಕೀ ಕಂಡರೆ, ನೀಲಿ ಪರದೆಯಲ್ಲಿ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರಗಳ ಜೊತೆ ತಾಳೆ ನೋಡಿ.

ಕಷ್ಟ ಬರುವುದು ಯಾವ ಖಾತೆ ಎನ್ನುವುದರಲ್ಲಿ. ಲ್ಯಾಪ್‌ಟಾಪ್ ಕೊಂಡ ದಿನ ಯಾರ ಇಮೇಲ್‌ನಿಂದ ಸೆಟಪ್ ಮಾಡಿದ್ದು ಎಂದು ನೆನಪಿಸಿಕೊಳ್ಳಿ. ಮಗನದಾ, ನಿಮ್ಮದಾ, ಅಥವಾ ಲ್ಯಾಪ್‌ಟಾಪ್ ಮಾರಿದವರೇ ಅಲ್ಲೇ ಹೊಸ ಖಾತೆ ಮಾಡಿಕೊಟ್ಟಿದ್ದರಾ? ಎಲ್ಲವನ್ನೂ ನೋಡಿ. ಕಾಲೇಜಿನ ಇಮೇಲ್‌ನಿಂದ ಲಾಗಿನ್ ಆಗಿದ್ದರೆ ಕೀ ಅಲ್ಲಿನ ಐಟಿ ವಿಭಾಗದವರ ಬಳಿ ಸಿಗಬಹುದು. ಸಿಕ್ಕಿದ ಮೇಲೆ ಕಾಗದದ ಮೇಲೆ ಬರೆದಿಡಿ. ಫೋಟೋ ತೆಗೆದು ಅದೇ ಲ್ಯಾಪ್‌ಟಾಪಿನಲ್ಲಿ ಇಡುವವರೂ ಇದ್ದಾರೆ, ಅದರಿಂದ ಪ್ರಯೋಜನವಿಲ್ಲ ಅಲ್ವಾ?

ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡಿದರೂ ಕೀ ಕೇಳುತ್ತಿದ್ದು, ಕೀ ಎಲ್ಲಿಯೂ ಸಿಗದಿದ್ದರೆ ಆ ಫೈಲುಗಳನ್ನು ತೆರೆಯಲು ಯಾರಿಂದಲೂ ಆಗದು. ಮೈಕ್ರೋಸಾಫ್ಟಿನವರಿಂದಲೂ ಆಗದು. ದುಡ್ಡು ಕೊಟ್ಟರೆ ತೆಗೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಹಾಗಂತ ಅವಸರಕ್ಕೆ ಡಿಸ್ಕ್ ಅಳಿಸಲೂ ಹೋಗಬೇಡಿ. ಹಳೆಯ ಖಾತೆಯೊಂದು ತಿಂಗಳ ನಂತರ ನೆನಪಾಗುವುದುಂಟು.

ವಿಂಡೋಸ್ ಒಳಗೆ ಹೋದ ಮೇಲೆ ಮೊದಲ ಕೆಲಸ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುವುದು. ಕೀ ಸಿಕ್ಕಿದೆ, ಆದರೆ ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾದರೂ ದಾರಿಯಿದೆ. ಉಬುಂಟು ಪೆನ್‌ಡ್ರೈವಿನಿಂದ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಉಬುಂಟು ಆರಿಸಿ, ಫೈಲ್ಸ್‌ನಲ್ಲಿ ವಿಂಡೋಸ್ ಡ್ರೈವ್ ಮೇಲೆ ಕ್ಲಿಕ್ ಮಾಡಿ. ಪಾಸ್‌ವರ್ಡ್ ಕೇಳಿದಾಗ ಆ 48 ಅಂಕಿಗಳನ್ನು ನಡುವಿನ ಗೆರೆಗಳ ಸಮೇತ ಕೊಟ್ಟರೆ ತೆರೆಯುತ್ತದೆ. ಒಂದು ಎಚ್ಚರಿಕೆ: ನುಡಿಯ ಹಳೇ ಫೈಲುಗಳನ್ನು ಉಬುಂಟುವಿನಲ್ಲಿ ತೆರೆದು ನೋಡಿ ಎದೆ ಒಡೆದುಕೊಳ್ಳಬೇಡಿ. ಅವು ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ ಉಳಿದಿರುತ್ತವೆ. ನುಡಿ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜಿನಂತೆ ಕಾಣುತ್ತವೆ. ಫೈಲ್ ಸರಿಯಾಗೇ ಇರುತ್ತದೆ. ಸುಮ್ನೆ ಕಾಪಿ ಮಾಡಿಕೊಳ್ಳಿ, ಬಿಡುವಾದಾಗ ಕನ್ವರ್ಟರ್ ಹಾಕಿ ಯೂನಿಕೋಡಿಗೆ ಬದಲಿಸಿಕೊಂಡರೆ ಈ ರಗಳೆಯೇ ಇರುವುದಿಲ್ಲ.

ಈಗ ಉಬುಂಟುವಿನ ವಿಷಯ. ಅದನ್ನು ವಾಪಸ್ ತರುವ ಮುಂಚೆ ಲ್ಯಾಪ್‌ಟಾಪ್ ಶುರುವಾಗುವ ರೀತಿಯನ್ನು ಮಗನಿಗೆ ಸ್ವಲ್ಪ ತಿಳಿಸಬೇಕು. ಇದು ಗೊತ್ತಿದ್ದರೆ ವಿಡಿಯೋ ನೋಡಿ ಕಂಡದ್ದನ್ನೆಲ್ಲ ಒತ್ತುವ ಕಷ್ಟ ತಪ್ಪುತ್ತದೆ.

ಜನ ಈಗಲೂ ಬಯೋಸ್ ಎಂದೇ ಕರೆಯುತ್ತಾರಾದರೂ ಹೊಸ ಯಂತ್ರಗಳಲ್ಲಿ ಇರುವುದು ಅದರ ಜಾಗಕ್ಕೆ ಬಂದ ಯುಇಎಫ್‌ಐ. ವಿಂಡೋಸ್ 11ಕ್ಕಂತೂ ಅದು ಕಡ್ಡಾಯ. ಡಿಸ್ಕಿನಲ್ಲಿ ಒಂದು ಸಣ್ಣ ಪಾರ್ಟಿಷನ್ (ಪ್ರತ್ಯೇಕ ಭಾಗ) ಇರುತ್ತದೆ, ಹೆಸರು ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಸಾಮಾನ್ಯವಾಗಿ 100 ಎಂಬಿ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಪೆನ್‌ಡ್ರೈವಿನಲ್ಲಿ ಬಳಸುವ ಫ್ಯಾಟ್32 ಮಾದರಿಯದ್ದು. ಡ್ರೈವ್ ಅಕ್ಷರ ಕೊಟ್ಟಿರುವುದಿಲ್ಲವಾದ್ದರಿಂದ ವಿಂಡೋಸಿನಲ್ಲಿ ನಿಮಗೆ ಕಾಣುವುದಿಲ್ಲ. ಅದರೊಳಗೆ ಮೈಕ್ರೋಸಾಫ್ಟ್ ಎಂದೊಂದು ಫೋಲ್ಡರ್, ಉಬುಂಟು ಎಂದೊಂದು ಫೋಲ್ಡರ್. ಆಯಾ ಸಿಸ್ಟಮ್ ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಆಯಾ ಫೋಲ್ಡರಿನಲ್ಲಿದೆ. ಉಬುಂಟುವಿನದ್ದಕ್ಕೆ ಗ್ರಬ್ ಎಂದು ಹೆಸರು, ಯಾವುದು ಬೇಕು ಎಂದು ಕೇಳುತ್ತಿದ್ದ ಪಟ್ಟಿ ಅದರದ್ದೇ. ಗ್ರಬ್‌ಗಿಂತ ಮುಂಚೆ ಶಿಮ್ ಎಂಬ ಇನ್ನೊಂದು ಪುಟ್ಟ ಫೈಲ್ ಓಡುತ್ತದೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಇದೆ. ಹಾಗಾಗಿ ಸೆಕ್ಯೂರ್ ಬೂಟ್ ಆನ್ ಇದ್ದರೂ ಉಬುಂಟು ಶುರುವಾಗುತ್ತದೆ. 2012ರ ಆವೃತ್ತಿಯಿಂದಲೂ ಹೀಗೇ. ಲಿನಕ್ಸ್ ಹಾಕಲು ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಎಂದು ಆ ವಿಡಿಯೋಗಳು ಇನ್ನೂ ಯಾಕೆ ಹೇಳುತ್ತಿವೆಯೋ!

ಇವೆರಡರಲ್ಲಿ ಯಾವುದು ಮೊದಲು ಎನ್ನುವುದು ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. ಅದು ಮದರ್‌ಬೋರ್ಡಿನ ಸಣ್ಣ ಮೆಮೊರಿಯಲ್ಲಿ ಒಂದು ಪಟ್ಟಿಯಾಗಿ ಇರುತ್ತದೆ. ಪ್ರತಿ ಸಾಲಿನಲ್ಲಿ ಒಂದು ಹೆಸರು, ಮತ್ತು ಯಾವ ಫೈಲ್ ಓಡಿಸಬೇಕು ಎಂಬ ದಾರಿ. ವಿಂಡೋಸ್ ದೊಡ್ಡ ಅಪ್‌ಡೇಟ್ ಮಾಡಿದಾಗ ತನ್ನ ಹೆಸರನ್ನು ಮೇಲಕ್ಕೆ ತಂದುಕೊಳ್ಳುವುದುಂಟು. ಬಯೋಸ್ ಅಪ್‌ಡೇಟ್ ಆದಾಗ ಅಥವಾ ಯಾರೋ ಲೋಡ್ ಡೀಫಾಲ್ಟ್ಸ್ ಒತ್ತಿದಾಗ ಉಬುಂಟುವಿನ ಸಾಲೇ ಅಳಿಸಿಹೋಗುವುದೂ ಉಂಟು. ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿದೆ, ಬೋರ್ಡ್ ಮಾತ್ರ ಅಳಿಸಿದೆ ಎಂದುಕೊಳ್ಳಿ. ಉಬುಂಟು ಹೋಯಿತು ಎಂದು ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡುವವರು ಇದನ್ನು ಮರೆಯುತ್ತಾರೆ.

ಬೋರ್ಡ್ ಇದೆಯಾ ಎಂದು ನೋಡಲು ಏನನ್ನೂ ಬದಲಿಸಬೇಕಿಲ್ಲ. ವಿಂಡೋಸಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ಪರದೆಯಲ್ಲಿ ಯೂಸ್ ಎ ಡಿವೈಸ್ ಆರಿಸಿದರೆ ಆ ಪಟ್ಟಿ ಕಾಣುತ್ತದೆ. ಅದರಲ್ಲಿ ಉಬುಂಟು ಇದ್ದರೆ ಒತ್ತಿ, ಹೆಚ್ಚಿನ ಸಲ ನೇರ ಗ್ರಬ್‌ಗೆ ಹೋಗುತ್ತೀರಿ. ಇನ್ನೊಂದು ದಾರಿ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತುವುದು. ಡೆಲ್, ಲೆನೊವೊ ಮತ್ತು ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9, ಅಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಈ ಮೆನುವನ್ನೇ ಮುಚ್ಚಿಟ್ಟಿರುತ್ತಾರೆ, ಎಫ್2 ಒತ್ತಿ ಬಯೋಸ್ ಒಳಗೆ ಹೋಗಿ ಎಫ್12 ಬೂಟ್ ಮೆನು ಎನ್ನುವುದನ್ನು ಮೊದಲು ಎನೇಬಲ್ ಮಾಡಬೇಕು. ಒಂದೇ ಸಲ ಒತ್ತಿದರೆ ಸಾಲದು, ಕಂಪನಿಯ ಲೋಗೋ ಬರುವ ತನಕ ಟಕಟಕ ಒತ್ತುತ್ತಿರಿ.

ನಿಮ್ಮ ವಿವರಣೆ ನೋಡಿದರೆ ಉಬುಂಟು ಅಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ಹಾಗಿದ್ದರೆ ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಅದನ್ನು ವಿಂಡೋಸ್ ಬೂಟ್ ಮ್ಯಾನೇಜರ್‌ಗಿಂತ ಮೇಲೆ ತಂದರೆ ಆಯಿತು.

ತಂದರೆ ಆಯಿತು ಎಂದೆನಾದರೂ, ನಿಮ್ಮ ಮನೆಗೆ ಅದು ಬೇಕಾ ಎಂದು ಒಮ್ಮೆ ಯೋಚಿಸಿ. ಡಿಸ್ಕಿಗೆ ಬಿಟ್‌ಲಾಕರ್ ಇರುವಾಗ ಗ್ರಬ್ ಪಟ್ಟಿಯಿಂದ ವಿಂಡೋಸ್ ಆರಿಸಿದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮತ್ತೆ ರಿಕವರಿ ಕೀ ಕೇಳುತ್ತದೆ. ನಡುವೆ ಶಿಮ್, ಗ್ರಬ್ ಓಡಿದ್ದನ್ನು ಆ ಚಿಪ್ ಗಮನಿಸಿರುತ್ತದೆ. ನೀವು ದಿನಾ ಬಳಸುವುದು ವಿಂಡೋಸ್. ಉಬುಂಟು ಬೇಕಾದ್ದು ಮಗನಿಗೆ. ವಿಂಡೋಸನ್ನೇ ಮೊದಲಿಟ್ಟು, ಮಗ ತನಗೆ ಬೇಕಾದಾಗ ಬೂಟ್ ಮೆನುವಿನಿಂದ ಉಬುಂಟುವಿಗೆ ಹೋಗಲಿ. ನೋಡಲು ಅಷ್ಟು ಚೆಂದ ಇಲ್ಲ, ಆದರೆ ಅಪ್‌ಡೇಟ್ ಬಂದರೂ ಏನೂ ಕದಲುವುದಿಲ್ಲ. ನನ್ನನ್ನು ಕೇಳಿದರೆ ಒಂದೇ ಲ್ಯಾಪ್‌ಟಾಪನ್ನು ಮನೆಮಂದಿಯೆಲ್ಲ ಬಳಸುವ ಕಡೆ ಇದೇ ಸರಿ.

ಮೆನುವಿನಲ್ಲಿ ಉಬುಂಟು ಇಲ್ಲವೇ ಇಲ್ಲ ಎಂದಾದರೆ ಸಾಲನ್ನು ಮತ್ತೆ ಬರೆಯಬೇಕು. ಕೆಲವು ಯಂತ್ರಗಳ ಬಯೋಸ್‌ನಲ್ಲೇ ಆ್ಯಡ್ ಬೂಟ್ ಆಪ್ಷನ್ ಎಂದಿರುತ್ತದೆ, ಡೆಲ್‌ನಲ್ಲಿ ನೋಡಿರಬಹುದು. ಅಲ್ಲಿಂದ ಇಎಫ್‌ಐ ಫೋಲ್ಡರ್, ಅದರೊಳಗೆ ಉಬುಂಟು, ಅದರೊಳಗೆ ಶಿಮ್‌ಎಕ್ಸ್64 ಎಂಬ ಫೈಲ್ ಆರಿಸಿ ಒಂದು ಹೆಸರು ಕೊಟ್ಟರೆ ಮುಗಿಯಿತು. ಪೆನ್‌ಡ್ರೈವ್ ಕೂಡ ಬೇಡ. ಏಸರ್‌ನ ಹಲವು ಮಾದರಿಗಳಲ್ಲಿ ಇದಕ್ಕೊಂದು ವಿಚಿತ್ರ ಕಟ್ಟಳೆಯಿದೆ. ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಬೇಕು, ಆಮೇಲಷ್ಟೇ ಸೆಕ್ಯೂರಿಟಿ ಭಾಗದಲ್ಲಿ ಇಎಫ್‌ಐ ಫೈಲನ್ನು ನಂಬಿಕೆಯದ್ದೆಂದು ಗುರುತಿಸಲು ಬಿಡುತ್ತದೆ. ಆ ಪಾಸ್‌ವರ್ಡ್ ಮರೆತರೆ ಮಾತ್ರ ಸರ್ವಿಸ್ ಸೆಂಟರ್ ಬಾಗಿಲು ತಟ್ಟಬೇಕಾಗುತ್ತದೆ. ಬರೆದಿಟ್ಟುಕೊಳ್ಳಿ.

ಬಯೋಸ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಬೂಟ್ ರಿಪೇರ್ ಎಂಬ ಪ್ರೋಗ್ರಾಂ ಇದೆ. ಲಿನಕ್ಸ್ ಮಿಂಟ್‌ನ ಇನ್‌ಸ್ಟಾಲ್ ಪೆನ್‌ಡ್ರೈವಿನಲ್ಲಿ ಇದು ಮೊದಲೇ ಇರುತ್ತದೆ, ಉಬುಂಟುವಿಗೂ ಕೆಲಸ ಮಾಡುತ್ತದೆ. ಪೆನ್‌ಡ್ರೈವಿನಿಂದ ಶುರು ಮಾಡುವಾಗ ಬೂಟ್ ಮೆನುವಿನಲ್ಲಿ ಅದರ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ ಎಂದು ಮುಂದಿರುವುದನ್ನೇ ಆರಿಸಿ. ಹಳೇ ಲೆಗಸಿ ರೀತಿಯಲ್ಲಿ ಶುರು ಮಾಡಿ ರಿಪೇರಿ ಮಾಡಿದರೆ ಗ್ರಬ್ ತಪ್ಪು ಜಾಗದಲ್ಲಿ ಹೋಗಿ ಕೂರುತ್ತದೆ. ಇಂಟರ್‌ನೆಟ್ ಕನೆಕ್ಟ್ ಮಾಡಿ, ಬೂಟ್ ರಿಪೇರ್ ತೆರೆದು, ರೆಕಮೆಂಡೆಡ್ ರಿಪೇರ್ ಒತ್ತಿ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಕೈ ಹಾಕಬೇಡಿ. ವಿಂಡೋಸಿನ ಇಎಫ್‌ಐ ಫೈಲುಗಳ ಹೆಸರು ಬದಲಿಸುವ ಟಿಕ್ ಅಲ್ಲಿ ಕಂಡರೆ ಅದನ್ನಂತೂ ಮುಟ್ಟಲೇಬೇಡಿ. ಬಿಟ್‌ಲಾಕರ್ ಇರುವ ಡಿಸ್ಕಿನಲ್ಲಿ ಇಂಥ ಯಾವುದೇ ರಿಪೇರಿಗೆ ಮುಂಚೆ ವಿಂಡೋಸ್ ಒಳಗಿನಿಂದ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿದರೆ ಒಳ್ಳೆಯದು. ಹೋಮ್ ಆವೃತ್ತಿಯಲ್ಲಿ ಆ ಬಟನ್ ಕಾಣದಿದ್ದರೆ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಬಹುದು. ಬೀಗ ಪೂರ್ತಿ ಬಿಚ್ಚಿಕೊಳ್ಳಲು ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಹಾಕಿಟ್ಟು ಬಿಟ್ಟುಬಿಡಿ.

ಇದಕ್ಕೆ ತದ್ವಿರುದ್ಧದ ದೂರೂ ಆಗಾಗ ಬರುತ್ತದೆ: ಗ್ರಬ್ ಬರುತ್ತದೆ, ಉಬುಂಟು ಇದೆ, ಪಟ್ಟಿಯಲ್ಲಿ ವಿಂಡೋಸೇ ಇಲ್ಲ. ವಿಂಡೋಸ್ ಅಳಿಸಿಹೋಗಿಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಕೆಲಸವನ್ನು ಸುರಕ್ಷತೆಯ ಕಾರಣಕ್ಕೆ ತಾನಾಗಿ ಮಾಡದಂತೆ ನಿಲ್ಲಿಸಿದ್ದಾರೆ. ಉಬುಂಟು ಒಳಗೆ ಇಟಿಸಿ ಫೋಲ್ಡರಿನ ಡೀಫಾಲ್ಟ್‌ನಲ್ಲಿರುವ ಗ್ರಬ್ ಎಂಬ ಫೈಲನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದರೆ ಓಎಸ್ ಪ್ರೋಬರ್ ಡಿಸೇಬಲ್ ಎಂಬ ಸಾಲು ಇರುತ್ತದೆ. ಅದರ ಮುಂದಿನ ಹ್ಯಾಶ್ ಗುರುತು ತೆಗೆದು, ಸಮ ಚಿಹ್ನೆಯ ನಂತರ ಫಾಲ್ಸ್ ಎಂದು ಮಾಡಿ. ಆಮೇಲೆ ಟರ್ಮಿನಲ್‌ನಲ್ಲಿ ಸುಡೊ ಎಂದು ಬರೆದು ಜಾಗ ಬಿಟ್ಟು ಅಪ್‌ಡೇಟ್-ಗ್ರಬ್ ಎಂದು ಕೊಡಿ, ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಮುಂದಿನ ಸಲ ಪಟ್ಟಿಯಲ್ಲಿ ವಿಂಡೋಸ್ ಬರುತ್ತದೆ.

ಮಗ ಉಬುಂಟುವಿಗೆ ಹೋಗಲು ನೋಡಿದಾಗ ಸೆಕ್ಯೂರಿಟಿ ಪಾಲಿಸಿ ವಯೊಲೇಶನ್, ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್ ಎಂದು ಹೆದರಿಸುವ ಎರಡು ಸಾಲು ಬಂದು ಲ್ಯಾಪ್‌ಟಾಪ್ ಆಫ್ ಆದರೆ ಅದರ ಕಥೆ ಬೇರೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್, ಗ್ರಬ್‌ನಲ್ಲಿದ್ದ ಒಂದು ಹಳೇ ದೋಷ ಮುಚ್ಚಲು ಹಳೆಯ ಶಿಮ್‌ಗಳನ್ನು ಓಡದಂತೆ ಮಾಡಿತು. ಎರಡು ಸಿಸ್ಟಮ್ ಇರುವ ಕಂಪ್ಯೂಟರುಗಳನ್ನು ಮುಟ್ಟುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಹಲವು ಯಂತ್ರಗಳಲ್ಲಿ ಲಿನಕ್ಸ್ ಇರುವುದನ್ನು ಅದು ಗುರುತಿಸಲೇ ಇಲ್ಲ. ಜಗತ್ತಿನ ಎಲ್ಲ ಕಡೆ ಜನ ಬೈದರು. ಪೂರ್ತಿ ಸರಿಪಡಿಸಿದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ಈಗಿನ ಉಬುಂಟು ಹಾಕಿದ್ದರೆ ನಿಮಗೆ ಇದು ಬರಬಾರದು. ಯಾರೋ ಕೊಟ್ಟ ಹಳೇ ಪೆನ್‌ಡ್ರೈವಿನಿಂದ ಹಾಕಿದ್ದರೆ ಬರಬಹುದು. ಆಗ ಮಾತ್ರ ಸೆಕ್ಯೂರ್ ಬೂಟ್ ಆಫ್ ಮಾಡಲು ಒಂದು ಕಾರಣ ಇದೆ: ರಿಕವರಿ ಕೀ ಕೈಯಲ್ಲಿಟ್ಟುಕೊಂಡು ಆಫ್ ಮಾಡಿ, ಉಬುಂಟುವಿಗೆ ಹೋಗಿ ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ, ಹೊಸ ಶಿಮ್ ಬಂದ ಮೇಲೆ ಮತ್ತೆ ಆನ್ ಮಾಡಿ. ನಡುವೆ ವಿಂಡೋಸ್ ಕಡೆ ಹೋಗಬೇಡಿ.

ಮುಂದೊಂದು ದಿನ ಉಬುಂಟು ಸಾಕು ಎನಿಸಿ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಅದರ ಪಾರ್ಟಿಷನ್ ಅಳಿಸಿದಿರಿ ಎನ್ನಿ. ಮರುದಿನ ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಪದ, ಪಕ್ಕದಲ್ಲಿ ಮಿನುಗುವ ಗೆರೆ ಮಾತ್ರ ಇರುತ್ತದೆ. ಗ್ರಬ್‌ನ ಒಂದು ತುಂಡು ಇಎಫ್‌ಐ ಪಾರ್ಟಿಷನ್‌ನಲ್ಲಿ ಉಳಿದಿದೆ, ಉಳಿದದ್ದು ಅಳಿಸಿಹೋದ ಜಾಗದಲ್ಲಿತ್ತು. ಬೂಟ್ ಮೆನುವಿನಿಂದ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ವಿಂಡೋಸ್ ಬರುತ್ತದೆ. ಅಳಿಸುವ ಮೊದಲೇ ಬೂಟ್ ಆರ್ಡರ್‌ನಲ್ಲಿ ವಿಂಡೋಸನ್ನು ಮೇಲಿಟ್ಟರೆ ಆ ಕಪ್ಪು ಪರದೆ ನೋಡಬೇಕಾಗಿಯೇ ಇಲ್ಲ.

ಉಬುಂಟು ಆರಿಸಿದ ಮೇಲೆ ಪರದೆ ಕಪ್ಪಾಗಿ ನಿಂತುಬಿಟ್ಟರೆ ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ತಕರಾರು, ಅದರಲ್ಲೂ ಎನ್‌ವಿಡಿಯಾ. ಗ್ರಬ್‌ನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂದು ಸೇರಿಸಿ ಎಫ್10 ಒತ್ತಿದರೆ ಒಂದು ಸಲಕ್ಕೆ ಒಳಗೆ ಹೋಗಬಹುದು. ಆಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುತ್ತಿಲ್ಲ ಎಂದು ಮಗ ಬಯೋಸ್‌ನಲ್ಲಿ ಡಿಸ್ಕ್ ಜೊತೆ ಯಂತ್ರ ವ್ಯವಹರಿಸುವ ರೀತಿಯನ್ನು ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎನ್ನುವುದರಿಂದ ಎಎಚ್‌ಸಿಐ ಎಂದು ಬದಲಿಸಿದ್ದನಾ ಎಂದೂ ಕೇಳಿ ನೋಡಿ. ಹಾಗೆ ಮಾಡಿದ್ದರೆ ವಿಂಡೋಸ್ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬಿದ್ದುಹೋಗುತ್ತದೆ. ಹಿಂದಿನ ಹಾಗೆ ಬದಲಿಸಿದರೆ ಏಳುತ್ತದೆ. ಎಎಚ್‌ಸಿಐಯೇ ಬೇಕು ಎಂದಾದರೆ ವಿಂಡೋಸಿನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್‌ನಲ್ಲೇ ಬಯೋಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಶುರುವಾಗಲು ಬಿಟ್ಟು ಟಿಕ್ ತೆಗೆಯಬೇಕು. ಇಲ್ಲಿಯೂ ಬಿಟ್‌ಲಾಕರ್ ಕೀ ಹತ್ತಿರ ಇರಲಿ.

ಅಂಗಡಿಯವರ ಬಗ್ಗೆ ಒಂದು ಮಾತು. ಅವರು ಕೆಟ್ಟವರು ಅಂತಲ್ಲ. ಫಾರ್ಮ್ಯಾಟ್ ಎಂದರೆ ಅವರಿಗೆ ಒಂದು ಗಂಟೆಯ ಕೆಲಸ, ಹುಡುಕುತ್ತಾ ಕೂರುವುದು ಅರ್ಧ ದಿನದ್ದು. ಕೆಲವರು ವಿಂಡೋಸ್ ಪೆನ್‌ಡ್ರೈವ್ ಹಾಕಿ ಬೂಟ್‌ರೆಕ್ ಎಂಬ ಕಮಾಂಡಿಗೆ ಫಿಕ್ಸ್‌ಎಂಬಿಆರ್ ಸೇರಿಸಿ ಓಡಿಸುತ್ತಾರೆ. ಅದು ಹಳೇ ಬಯೋಸ್ ಯಂತ್ರಗಳಿಗೆ ಸರಿಯಾದ ಮದ್ದು. ಅವುಗಳಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲೇ ಎಲ್ಲ ಇರಬೇಕಿತ್ತು, ಶುರು ಮಾಡುವ ಪ್ರೋಗ್ರಾಮಿಗೆ ಸಿಗುತ್ತಿದ್ದದ್ದು 446 ಬೈಟ್. ಅಷ್ಟು ಜಾಗದಲ್ಲಿ ಒಂದಕ್ಕೇ ಅವಕಾಶ. ನಂತರ ಹಾಕಿದ್ದು ಮೊದಲಿನದನ್ನು ಅಳಿಸುತ್ತಿತ್ತು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಹಳೇ ನಿಯಮ ಬಂದದ್ದು ಅಲ್ಲಿಂದ. ನಿಮ್ಮ ವಿಂಡೋಸ್ 11 ಲ್ಯಾಪ್‌ಟಾಪ್ ಆ 446 ಬೈಟ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಆ ಕಮಾಂಡ್ ನಿಮ್ಮಲ್ಲಿ ಏನೂ ಸರಿಮಾಡದು. ವಿಂಡೋಸಿನ ಶುರುವಿನ ಫೈಲುಗಳೇ ಕೆಟ್ಟಿದ್ದರೆ ಯುಇಎಫ್‌ಐ ಯಂತ್ರದಲ್ಲಿ ಬಳಸಬೇಕಾದ್ದು ಬಿಸಿಡಿಬೂಟ್. ಅದು ಇಎಫ್‌ಐ ಪಾರ್ಟಿಷನ್‌ಗೆ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ, ನಿಮ್ಮ ದಾಖಲೆಗಳನ್ನು ಮುಟ್ಟುವುದಿಲ್ಲ.

ಎರಡೂ ಸರಿಯಾಗಿ ಬರತೊಡಗಿದ ಮೇಲೆ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟದಲ್ಲಿದೆ. ಇದು ಆನ್ ಇರುವಾಗ ಶಟ್ ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಉಬುಂಟುವಿನಿಂದ ವಿಂಡೋಸ್ ಡ್ರೈವ್ ತೆರೆದರೆ ಬರೀ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಬಲವಂತವಾಗಿ ಬರೆದರೆ ಫೈಲುಗಳು ಕೆಡಬಹುದು. ನಿಮ್ಮ ಪ್ರಶ್ನೆಪತ್ರಿಕೆಗಳು ಆ ಡ್ರೈವಿನಲ್ಲೇ ಇರುವುದರಿಂದ ಇದನ್ನು ತಪ್ಪದೆ ಮಾಡಿ.

ಇಷ್ಟಾದ ಮೇಲೂ ಒಂದು ಫೋನ್ ಬರುತ್ತದೆ ಎಂದು ಗೊತ್ತು: ಉಬುಂಟುವಿಗೆ ಹೋಗಿ ಬಂದ ಮೇಲೆ ವಿಂಡೋಸಿನ ಗಡಿಯಾರ ತಪ್ಪು ತೋರಿಸುತ್ತಿದೆ ಅಂತ. ಬೆಳಿಗ್ಗೆ ಹತ್ತೂವರೆಗೆ ಐದು ಗಂಟೆ ಎನ್ನುತ್ತದೆ. ಬ್ಯಾಟರಿ ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಅಂತಾರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ನಡುವಿನ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಉಬುಂಟುವಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ ಮತ್ತು 1 ಸೇರಿಸಿ ಕೊಟ್ಟರೆ ಅದೂ ಭಾರತದ ಸಮಯವನ್ನೇ ಇಡುತ್ತದೆ. ಇದು ಸೂಕ್ತ ಕ್ರಮವಲ್ಲ ಎಂದು ಉಬುಂಟು ಒಂದು ಎಚ್ಚರಿಕೆ ಕೊಡುತ್ತದೆ. ಬೇಸಿಗೆಗೆ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಅದು ತೊಡಕು ಕೊಡುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಧೈರ್ಯವಾಗಿ ಮಾಡಿ.